ಟೈಲ್ಸ್ ಅಂಗಡಿಗೆ ಹೋಗುವ ಮುನ್ನ

(ಮನೆ ಕಟ್ಟಿಸಲು ಹೊರಟವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬಾತ್‌ರೂಮ್ ಮಾತು ಬಂದ ಕೂಡಲೇ ಹೆಚ್ಚಿನವರು ಮೊದಲು ಕಾಲಿಡುವುದು ಟೈಲ್ಸ್ ಅಂಗಡಿಗೆ. ಅಷ್ಟು ಹೊತ್ತಿಗೆ ಸ್ಲ್ಯಾಬ್ ಬಿದ್ದಿರುತ್ತದೆ, ಗೋಡೆ ಎದ್ದಿರುತ್ತದೆ. ಕಮೋಡು ಎಲ್ಲಿ ಎಂದು ಪ್ಲಂಬರ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದೂ ಆಗಿರುತ್ತದೆ. ಉಳಿದದ್ದು ಬಣ್ಣ ಮಾತ್ರ. ಇವತ್ತು ನಾನು ಬಣ್ಣದ ವಿಷಯಕ್ಕೆ ಹೋಗುವುದಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಬೀಳುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಇದಿಷ್ಟನ್ನೇ ಮಾತಾಡೋಣ.

ಹಳೆಯ ಬಚ್ಚಲುಮನೆ ನೆನಪಿಸಿಕೊಳ್ಳಿ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಹೂತ ಹಂಡೆ, ನೆಲಕ್ಕೆ ಕಲ್ಲು ಚಪ್ಪಡಿ, ಚಪ್ಪಡಿಗೆ ಒಳ್ಳೆಯ ವಾಟ, ಅಂದರೆ ಇಳಿಜಾರು. ಮಿಂದ ನೀರು ಗೋಡೆಯ ತೂತಿನಿಂದ ಹೊರಗೆ ಹೋಗಿ ಹಿತ್ತಿಲ ಬಾಳೆ ಬುಡ ಸೇರುತ್ತಿತ್ತು. ಕಕ್ಕಸು ಬೇರೆ, ದೂರ. ಚಪ್ಪಡಿಯ ಸಂದಿಯಲ್ಲಿ ನೀರು ಇಳಿದರೂ ಕೆಳಗೆ ಮಣ್ಣಿತ್ತು, ಇಂಗಿ ಹೋಗುತ್ತಿತ್ತು. ಈಗ ಬಚ್ಚಲು, ಕಕ್ಕಸು ಎರಡನ್ನೂ ಒಂದೇ ಕೋಣೆಗೆ ಸೇರಿಸಿ, ಅದನ್ನು ಮೊದಲ ಮಹಡಿಗೆ ಏರಿಸಿ, ಮಲಗುವ ಕೋಣೆಗೆ ಅಂಟಿಸಿದ್ದೇವೆ. ಕೆಳಗೆ ಮಣ್ಣಿಲ್ಲ, ಅಡುಗೆಮನೆಯ ಸೀಲಿಂಗ್ ಇದೆ. ಸ್ನಾನದ ರೀತಿ ಮಾತ್ರ ಬದಲಾಗಿಲ್ಲ. ಬಕೆಟ್ಟು, ಚೊಂಬು, ತಲೆಗೆ ಎಣ್ಣೆ ಹಚ್ಚಿ ಕೂರುವುದು, ಕಾಲುಜ್ಜುವುದು, ಕೊನೆಗೆ ನೆಲಕ್ಕೆಲ್ಲ ನೀರು ಸುರಿದು ತೊಳೆಯುವುದು. ಕ್ಯಾಟಲಾಗಿನ ಫೋಟೋಗಳು ಶವರ್ ಕೆಳಗೆ ಐದು ನಿಮಿಷ ನಿಂತು ಹೊರಬರುವವರಿಗೆ ಮಾಡಿದವು. ಬಕೆಟ್ ಇಡುವ ಜಾಗ ಯಾವ ಫೋಟೋದಲ್ಲೂ ಇರುವುದಿಲ್ಲ, ಬೇಕಾದರೆ ನೋಡಿ.

ಅಳತೆಯಿಂದ ಶುರು ಮಾಡೋಣ. ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ನಾನ, ಶೌಚ ಎರಡೂ ಸೇರಿದ ಕೋಣೆಗೆ ಕನಿಷ್ಠ 2.8 ಚದರ ಮೀಟರ್ ಎನ್ನುತ್ತದೆ, ಅಂದರೆ 30 ಚದರ ಅಡಿ, ಅಗಲ 1.2 ಮೀಟರಿಗೆ, ನಮ್ಮ ಲೆಕ್ಕದಲ್ಲಿ 4 ಅಡಿಗೆ, ಕಡಿಮೆ ಇರಬಾರದು. 30×40 ಸೈಟಿನ ಮನೆಗಳಲ್ಲಿ 4×7, 5×7, 5×8 ಮಾಮೂಲಿ. ನನ್ನನ್ನು ಕೇಳಿದರೆ 5×8 ಕೊಡಿ. ಬೆಡ್‌ರೂಮಿನಿಂದ ಒಂದಡಿ ಕಿತ್ತುಕೊಂಡಾದರೂ ಸರಿ. 4 ಅಡಿಗೂ 5 ಅಡಿಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. ಒಂದು ಲೆಕ್ಕ ಹಾಕಿ. ನೆಲದ ಮೇಲೆ ಕೂರುವ ಕಮೋಡು ಗೋಡೆಯಿಂದ ಸುಮಾರು 28 ಇಂಚು ಮುಂದಕ್ಕೆ ಬರುತ್ತದೆ. 4 ಅಡಿ ಅಗಲದ ಕೋಣೆಯಲ್ಲಿ ಉದ್ದದ ಗೋಡೆಗೆ ಅದನ್ನಿಟ್ಟರೆ ಎದುರಿಗೆ ಉಳಿಯುವುದು 20 ಇಂಚು. ಬೇಕಾದದ್ದು 24. ಮೊಣಕಾಲು ಎದುರು ಗೋಡೆಗೆ ತಾಗುತ್ತದೆ. 5 ಅಡಿಯಲ್ಲಿ 32 ಇಂಚು ಉಳಿಯುತ್ತದೆ, ಅಲ್ಲಿ ಬಕೆಟ್ ಹಿಡಿದು ಆಚೆ ದಾಟಬಹುದು.

ಆಗ ಅಂಗಡಿಯವರು, 'ಗೋಡೆಗೆ ನೇತುಹಾಕುವ ಕಮೋಡು ತಗೊಳ್ಳಿ, ಜಾಗ ಉಳಿಯುತ್ತದೆ' ಎನ್ನುತ್ತಾರೆ. ಅದು 21 ಇಂಚು ಮಾತ್ರ ಹೊರಗೆ ಬರುತ್ತದೆ, ನಿಜ. ಆದರೆ ಅದರ ಫ್ಲಶ್ ಟ್ಯಾಂಕ್ ಗೋಡೆಯೊಳಗೆ ಕೂರಬೇಕು. ನಿಮ್ಮದು 4 ಇಂಚಿನ ಗೋಡೆಯಾದರೆ ಅದನ್ನು ಕೊರೆಯಲಾಗುವುದಿಲ್ಲ. ಮುಂದೆ 6 ಇಂಚಿನ ಇನ್ನೊಂದು ಗೋಡೆ ಎಬ್ಬಿಸಬೇಕು. 6 ಮತ್ತು 21 ಸೇರಿ 27. ಉಳಿದದ್ದು ಒಂದು ಇಂಚು! ನೆಲ ಒರೆಸುವುದು ಸುಲಭ ಎಂಬ ಕಾರಣಕ್ಕೆ ಬೇಕಾದರೆ ಹಾಕಿಸಿ, ಜಾಗಕ್ಕಾಗಿ ಬೇಡ. ಹಾಕಿಸಿದರೆ ಎಬ್ಬಿಸಿದ ಗೋಡೆಯನ್ನು ಮೂರೂವರೆ ಅಡಿಗೆ ನಿಲ್ಲಿಸಿ ಮೇಲೊಂದು ಗ್ರಾನೈಟ್ ಕೂರಿಸಿ, ಸಾಮಾನಿಡಲು ಆಗುತ್ತದೆ.

ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ 15 ಇಂಚು ಕನಿಷ್ಠ, 18 ಇದ್ದರೆ ಆರಾಮ. ಈ ಅಳತೆಗಳೆಲ್ಲ ಟೈಲ್ಸ್ ಹಾಕಿದ ಗೋಡೆಯಿಂದ, ಇಟ್ಟಿಗೆಯಿಂದಲ್ಲ. ಕೆಲಸ ಎಡವಟ್ಟಾಗುವುದು ಇಲ್ಲೇ. ಪ್ಲಾಸ್ಟರು ಅರ್ಧ ಇಂಚು, ಅಂಟು, ಟೈಲ್ಸ್ ಸೇರಿ ಇನ್ನರ್ಧ. ಒಟ್ಟು ಒಂದು ಇಂಚು ಕೋಣೆಯ ಒಳಕ್ಕೆ ಬರುತ್ತದೆ. ನೆಲಕ್ಕೆ ಪೈಪು ಇಳಿಯುವ ಎಸ್ ಟ್ರ್ಯಾಪ್ ಕಮೋಡುಗಳು 4, 9, 12 ಇಂಚಿನ ದೂರಕ್ಕೆ ಸಿಗುತ್ತವೆ. ಪ್ಲಂಬರ್ ಇಟ್ಟಿಗೆಯಿಂದ 9 ಇಂಚು ಅಳೆದು ಪೈಪು ಬಿಟ್ಟರೆ ಕೊನೆಗೆ ಉಳಿಯುವುದು 8. ಟ್ಯಾಂಕು ಗೋಡೆಗೆ ತಾಗಿ ಕಮೋಡು ಕೂರುವುದೇ ಇಲ್ಲ. ಮಾಡೆಲ್ ಮೊದಲು ಆರಿಸಿ, ಅದರ ಅಳತೆಯ ಹಾಳೆಯನ್ನು ಪ್ಲಂಬರ್ ಕೈಗೆ ಕೊಟ್ಟು, ಆಮೇಲೆ ಪೈಪು ಬಿಡಿಸಿ. ಟೈಲ್ಸ್ ಕೊನೆಗಾದರೂ ಸರಿ, ಕಮೋಡು ಮಾತ್ರ ಎಲ್ಲಕ್ಕಿಂತ ಮೊದಲು.

ಒಂದು ಸುಲಭದ ಕೆಲಸ ಹೇಳುತ್ತೇನೆ. ಈಗಿರುವ ಮನೆಯ ತಾರಸಿಯಲ್ಲಿ ಸೀಮೆಸುಣ್ಣದಿಂದ 5×8ರ ಚೌಕ ಬರೆಯಿರಿ. ಕಮೋಡಿನ ಜಾಗಕ್ಕೆ ಕುರ್ಚಿ, ಬೇಸಿನ್ನಿಗೆ ಸ್ಟೂಲು, ಸ್ನಾನದ ಕಡೆ ಬಕೆಟ್ಟು ಇಡಿ. ಎರಡೂವರೆ ಅಡಿ ಬಾಗಿಲು ತಿರುಗುವ ಕಮಾನನ್ನೂ ಗೀಚಿ. ಈಗ ಮನೆಯವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿ, ಕೂತು, ಬಗ್ಗಿ, ಬಟ್ಟೆ ತೆಗೆದಿಡುವಂತೆ ಕೈ ಚಾಚಲು ಹೇಳಿ. ಬಾಗಿಲು ಬೇಸಿನ್ನಿಗೆ ಬಡಿಯುತ್ತದೆಯೇ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬೇಸಿನ್ ಬಾಗಿಲ ಹತ್ತಿರ, ಕಮೋಡು ನಡುವೆ, ಸ್ನಾನ ಕಿಟಕಿಯ ಕಡೆಯ ತುದಿಗೆ. ಈ ಕ್ರಮದಲ್ಲಿ ಬಾಗಿಲ ಬಳಿ ನೆಲ ಒಣಗಿರುತ್ತದೆ. ಸ್ನಾನಕ್ಕೆ 8 ಅಡಿ ಉದ್ದದಲ್ಲಿ 3 ಅಡಿಯನ್ನು, ಪೂರ್ತಿ 5 ಅಡಿ ಅಗಲಕ್ಕೆ, ಮೀಸಲಿಡಿ. ಮಣೆ ಹಾಕಿ ಕೂತು ಪಕ್ಕದಲ್ಲಿ ಬಕೆಟ್ ಇಡುವವರಿಗೆ ಅದಕ್ಕಿಂತ ಕಡಿಮೆ ಸಾಲದು.

ವಾಸ್ತು ಕೇಳುತ್ತೀರಿ ಎಂದು ಗೊತ್ತು. ಈಶಾನ್ಯ ಬೇಡ ಎಂದರೆ ಬೇಡ, ಆ ವಾದಕ್ಕೆ ನಾನಿಲ್ಲ. ನನ್ನ ಬೇಡಿಕೆ ಒಂದೇ: ಮೇಲಿನ ಬಾತ್‌ರೂಮ್ ಕೆಳಗಿನ ಬಾತ್‌ರೂಮಿನ ನೆತ್ತಿಯ ಮೇಲೇ ಬರಲಿ. ಒಂದೇ ಪೈಪು ಸಾಲು, ಸೋರಿದರೂ ಬಾತ್‌ರೂಮಿಗೇ ಸೋರುತ್ತದೆ.

ಈಗ ನೆಲದ ಕೆಳಗೆ ಇಳಿಯೋಣ, ಇಲ್ಲಿ ಸ್ವಲ್ಪ ನಿಧಾನವಾಗಿ. ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಹಾಕುತ್ತಾರಲ್ಲ, ಸಂಕ್ ಅಂತ, ಅದರ ಆಳವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ನೆಲದ ಟ್ರ್ಯಾಪಿಗೆ, ಅಂದರೆ ನೆಲದ ನೀರು ಇಳಿಯುವ ಜಾಲರಿಯ ಕೆಳಗಿನ ಬಾಗಿದ ಭಾಗಕ್ಕೆ, 5-6 ಇಂಚು ಬೇಕು. ಕೊಳೆನೀರಿನ ಪೈಪಿಗೆ ಅಡಿಗೆ ಕಾಲಿಂಚು ಇಳಿಜಾರು. 8 ಅಡಿ ಓಡಿದರೆ 2 ಇಂಚು. ಮೇಲೆ ಕಾಂಕ್ರೀಟು, ಟೈಲ್ಸ್ ಸೇರಿ 3 ಇಂಚು. ಕೂಡಿದರೆ 10-11 ಇಂಚು, ಅದಕ್ಕೇ ಒಂದಡಿ ಸಂಕ್ ಎನ್ನುವುದು. ಭಾರತೀಯ ಮಾದರಿಯ ಪ್ಯಾನ್ ಕೂರಿಸುವುದಾದರೆ ಒಂದೂವರೆ ಅಡಿ. ಗೋಡೆಗೆ ಪೈಪು ಹೋಗುವ ಪಿ ಟ್ರ್ಯಾಪ್ ಕಮೋಡು ಇಟ್ಟು, ಟ್ರ್ಯಾಪನ್ನೂ ಹೊರಗೋಡೆಯ ಪಕ್ಕಕ್ಕೆ ತಂದರೆ 8 ಇಂಚಿನಲ್ಲಿ ಮುಗಿಸಬಹುದು. ಸಂಕ್ ಕಡಿಮೆಯಾದಷ್ಟೂ ತುಂಬುವ ಸಾಮಾನು ಕಡಿಮೆ, ಸ್ಲ್ಯಾಬಿನ ಮೇಲಿನ ಭಾರ ಕಡಿಮೆ, ನೀರು ಅಡಗಿ ಕೂರುವ ಜಾಗವೂ ಕಡಿಮೆ.

ವಾಟರ್‌ಪ್ರೂಫಿಂಗ್ ಎರಡು ಸಲ. ಒಂದು ಸ್ಲ್ಯಾಬಿನ ಮೇಲೆ, ಇನ್ನೊಂದು ಸಂಕ್ ತುಂಬಿ ಕಾಂಕ್ರೀಟು ಹಾಕಿದ ಮೇಲೆ, ಟೈಲ್ಸಿಗೆ ಮುಂಚೆ. ಎರಡನೆಯದನ್ನು ಬಿಡುವವರೇ ಹೆಚ್ಚು. ಆದರೆ ಮನೆ ಕಾಯುವುದು ಅದೇ. ಟೈಲ್ಸಿನ ಸಂದಿಯಲ್ಲಿ ಇಳಿದ ನೀರು ಸಂಕ್‌ಗೆ ಹೋಗದಂತೆ ತಡೆಯುವುದು ಎರಡನೆಯ ಪದರ. ಮೊದಲನೆಯದು ಮಾತ್ರ ಇದ್ದರೆ ಸಂಕ್ ಒಂದು ತೊಟ್ಟಿಯಾಗುತ್ತದೆ; ವರ್ಷಗಟ್ಟಲೆ ನೀರು ತುಂಬಿ, ಒಂದು ದಿನ ಪಕ್ಕದ ಬೆಡ್‌ರೂಮಿನ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತದೆ. ಅದನ್ನು ನೋಡಿದವರು ಹೊರಗಿನ ಮಳೆನೀರು ಎಂದುಕೊಂಡು ಹೊರಗೋಡೆಗೆ ಬಣ್ಣ ಹೊಡೆಸುತ್ತಾರೆ.

ಕೆಲಸದ ಕ್ರಮ ಹೀಗೆ. ಸ್ಲ್ಯಾಬ್ ದಾಟುವ ಪೈಪುಗಳೆಲ್ಲ ಮೊದಲು ಕೂರಬೇಕು, ಅವುಗಳ ಸುತ್ತ ಕುಗ್ಗದ ಗ್ರೌಟ್, ಅಂದರೆ ಸಂದಿ ತುಂಬುವ ಗಾರೆ, ತುಂಬಬೇಕು. ನೆಲ, ಗೋಡೆ ಕೂಡುವ ಮೂಲೆಯಲ್ಲಿ ಗಾರೆಯಿಂದ ಗುಂಡಗೆ ಕೊಡಬೇಕು. ಚೂಪು ಮೂಲೆಯಲ್ಲಿ ಲೇಪ ಬಿರುಕು ಬಿಡುತ್ತದೆ. ಸಿಮೆಂಟು, ಪಾಲಿಮರ್ ಬೆರೆತ ಲೇಪವನ್ನು ಎರಡು ಕೋಟ್ ಬಳಿಯಬೇಕು, ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೂ ಒಂದಡಿ ಏರಿಸಿ, ಸ್ನಾನದ ಕಡೆ 6 ಅಡಿ. ಲೇಪ ಗಟ್ಟಿಯಾದ ಮೇಲೆ ಪೈಪಿನ ಬಾಯಿಗಳನ್ನು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟ ಗುರುತಿಸಿ 48 ಗಂಟೆ ಬಿಡಿ. ಕೆಳಗಿನ ಸೀಲಿಂಗನ್ನು ಟಾರ್ಚ್ ಹಿಡಿದು ನೋಡಿ. ಈ ಪರೀಕ್ಷೆ ಮುಗಿದ ಮೇಲೆ ಯಾರಾದರೂ ಉಳಿ, ಸುತ್ತಿಗೆ ಹಿಡಿದು ಒಳಗೆ ಹೋದರೆ ಮತ್ತೆ ಮೊದಲಿಂದ ಶುರು. ಲೇಪದ ಗುಣಮಟ್ಟಕ್ಕಿಂತ ಲೇಪದ ಮೇಲೆ ಓಡಾಡಿದವರಿಂದ ಆಗುವ ಹಾನಿಯೇ ಹೆಚ್ಚು. ಸಂಕ್ ತುಂಬಲು ಒಡೆದ ಪ್ಲಾಸ್ಟರು, ಮರದ ಚೂರು, ಸಿಮೆಂಟು ಚೀಲ ಎಲ್ಲ ಸುರಿಯುವುದುಂಟು. ಎದುರಿಗೆ ನಿಂತು ತಡೆಯಿರಿ.

ವಾಟದ ಮಾತು. ಇಂಚಿನ ಎಂಟನೇ ಒಂದು ಭಾಗಕ್ಕೆ ಮೇಸ್ತ್ರಿಗಳು ನೂಲು ಎನ್ನುತ್ತಾರೆ. ಒಣ ಭಾಗದಲ್ಲಿ ಅಡಿಗೆ ಒಂದು ನೂಲು, ಸ್ನಾನದ ಕಡೆ ಅಡಿಗೆ ಒಂದೂವರೆ ನೂಲು. ಅದಕ್ಕಿಂತ ಹೆಚ್ಚಾದರೆ ಕೂತ ಮಣೆ ಅಲ್ಲಾಡುತ್ತದೆ, ವಯಸ್ಸಾದವರಿಗೆ ಕಾಲು ಜಾರುತ್ತದೆ. ಕಡಿಮೆಯಾದರೆ ಬಾಗಿಲ ಬಳಿ ನೀರು ನಿಲ್ಲುತ್ತದೆ. ಬಾತ್‌ರೂಮಿನ ನೆಲ ಬೆಡ್‌ರೂಮಿಗಿಂತ ಮುಕ್ಕಾಲು ಇಂಚು ಕೆಳಗಿರಲಿ, ನಡುವೆ ಗ್ರಾನೈಟ್ ಪಟ್ಟಿ. ದೊಡ್ಡ ಟೈಲ್ಸ್ ಮೋಹ ಇಲ್ಲೇ ಕೈ ಕೊಡುವುದು. 2×4 ಅಡಿಯ ಟೈಲ್ಸನ್ನು ನಾಲ್ಕೂ ಕಡೆಯಿಂದ ಒಂದು ಟ್ರ್ಯಾಪಿನ ಕಡೆಗೆ ಬಗ್ಗಿಸಲು ಬರುವುದಿಲ್ಲ. ಒಂದೋ ಅದನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲವೇ ವಾಟ ಬಿಡಬೇಕು. ಮೇಸ್ತ್ರಿ ಎರಡನೆಯದನ್ನು ಮಾಡುತ್ತಾರೆ. ನೆಲಕ್ಕೆ 1×1 ಅಡಿಯದು ಸಾಕು. ದೊಡ್ಡದೇ ಬೇಕೆಂದರೆ ಗೋಡೆಯ ಉದ್ದಕ್ಕೂ ಹೋಗುವ ಪಟ್ಟಿಯಂಥ ಡ್ರೇನ್ ಹಾಕಿಸಿ, ಆಗ ನೆಲ ಒಂದೇ ಕಡೆಗೆ ಬಾಗಿದರೆ ಸಾಕು. ಟೈಲ್ಸ್ ಹಾಕಿದ ದಿನ ಒಂದು ಬಕೆಟ್ ನೀರು ಸುರಿದು ನೋಡಿ. ಅಂಟು ಹಸಿಯಿರುವಾಗ ಕಿತ್ತು ಸರಿ ಮಾಡಬಹುದು. ಗೃಹಪ್ರವೇಶ ಆದ ಮೇಲೆ ಆಗದು.

ನೆಲದ ಟ್ರ್ಯಾಪ್ ಎಂದರೆ ಜಾಲರಿಯಲ್ಲ. ಜಾಲರಿಯ ಕೆಳಗೆ ಬಾಗಿದ ಭಾಗದಲ್ಲಿ ಎರಡು ಇಂಚು ನೀರು ಸದಾ ನಿಂತಿರಬೇಕು, ಚರಂಡಿಯ ವಾಸನೆ, ಜಿರಳೆಗಳನ್ನು ತಡೆಯುವುದು ಆ ನೀರು. ಅತಿಥಿಗಳ ಬಾತ್‌ರೂಮ್ ನಾರುತ್ತದೆ ಎಂದು ದೂರುತ್ತೀರಲ್ಲ, ಬಳಸದೆ ಆ ನೀರು ಆರಿ ಹೋಗಿರುತ್ತದೆ ಅಷ್ಟೆ. ವಾರಕ್ಕೊಂದು ಚೊಂಬು ಸುರಿದರೆ ಮುಗಿಯಿತು. ಬಳಸುವ ಬಾತ್‌ರೂಮೇ ನಾರಿದರೆ ಬೇರೆ ಕಾರಣ. ಕಮೋಡಿನ ಉದ್ದನೆಯ ಪೈಪು ತಾರಸಿಯ ಮೇಲಕ್ಕೆ ಹೋಗಿ ಬಾಯಿ ತೆರೆದುಕೊಂಡಿರಬೇಕು. ಖರ್ಚು ಉಳಿಸಲು ಅದನ್ನು ಕಮೋಡಿನ ಮಟ್ಟಕ್ಕೇ ಮುಗಿಸಿದರೆ, ಫ್ಲಶ್ ಮಾಡಿದಾಗ ಇಳಿಯುವ ನೀರು ಗಾಳಿಗಾಗಿ ಟ್ರ್ಯಾಪಿನ ನೀರನ್ನೇ ಹೀರಿಕೊಳ್ಳುತ್ತದೆ. ಫ್ಲಶ್ ಮಾಡಿದಾಗ ನೆಲದ ಜಾಲರಿಯಲ್ಲಿ ಗುಳಗುಳ ಸದ್ದು ಬಂದರೆ ತಾರಸಿಗೆ ಹೋಗಿ ನೋಡಿ, ಪೈಪು ಇರುವುದಿಲ್ಲ ಅಥವಾ ಅದರ ಬಾಯಿ ಮುಚ್ಚಿಕೊಂಡಿರುತ್ತದೆ.

ಇನ್ನು ಬರುವ ನೀರು. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಎತ್ತರವೇ ಒತ್ತಡ, ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್. ಮೇಲಿನ ಮಹಡಿಯ ಶವರ್ 7 ಅಡಿಯಲ್ಲಿದೆ, ತಾರಸಿ 10 ಅಡಿಯಲ್ಲಿ, ಟ್ಯಾಂಕು 5 ಅಡಿಯ ಕಟ್ಟೆಯ ಮೇಲೆ. ನಡುವಿನ ಎತ್ತರ 8 ಅಡಿ. ಕಾಲು ಬಾರ್‌ಗೂ ಸ್ವಲ್ಪ ಕಡಿಮೆ. 8 ಇಂಚಿನ ಮಳೆ ಶವರಿಗೆ ಹತ್ತಿರ ಹತ್ತಿರ ಒಂದು ಬಾರ್ ಬೇಕು. ಅದಕ್ಕೇ ಅಂಗಡಿಯಲ್ಲಿ ಜೋರು ಮಳೆ, ಮನೆಯಲ್ಲಿ ಸೋನೆ. ಒಂದೋ ಸಣ್ಣ ಶವರ್ ಹಾಕಿ, ಇಲ್ಲವೇ ಪ್ರೆಶರ್ ಪಂಪಿಗೆ ಈಗಲೇ ಜಾಗ ಮಾಡಿ.

ಪಂಪು ಹಾಕುವವರು ಸೋಲಾರ್ ಮರೆಯಬೇಡಿ. ನಮ್ಮ ಮನೆಗಳ ಮಾಮೂಲಿ ಸೋಲಾರ್ ಟ್ಯಾಂಕಿಗೆ ಮೇಲೆ ಗಾಳಿ ಪೈಪು ತೆರೆದಿರುತ್ತದೆ, ಒತ್ತಡ ತಡೆಯುವಂಥದ್ದಲ್ಲ. ತಣ್ಣೀರಿಗೆ ಮಾತ್ರ ಪಂಪಿಟ್ಟರೆ ಮಿಕ್ಸರ್ ನಲ್ಲಿಯೊಳಗೆ ಬಿಸಿನೀರು, ತಣ್ಣೀರು ಕೂಡುವ ಕಡೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಹಿಂದಕ್ಕೆ ಏರಿ ಸೋಲಾರ್ ಟ್ಯಾಂಕಿಗೆ ಹೋಗಿ, ಗಾಳಿ ಪೈಪಿನಿಂದ ತಾರಸಿಗೆ ಸುರಿಯುತ್ತದೆ. ಬೆಳಗ್ಗೆ ಬಿಸಿನೀರೂ ಇಲ್ಲ, ಟ್ಯಾಂಕಿನ ನೀರೂ ಖಾಲಿ. ಬಿಸಿ, ತಣ್ಣೀರು ಎರಡೂ ಒಂದೇ ಟ್ಯಾಂಕಿನ ಎತ್ತರದಿಂದ ಬರಲಿ, ಬಿಸಿನೀರಿನ ಪೈಪಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರಲಿ. ಬೋರ್‌ವೆಲ್ಲಿನ ನೇರ ಲೈನನ್ನು ಮಿಕ್ಸರಿಗೆ ಕೊಟ್ಟರೂ ಇದೇ ಪಾಡು.

ಬಿಸಿನೀರಿನ ಪೈಪಿನ ಉದ್ದವನ್ನೂ ಅಳೆಯಿರಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ಸೋಲಾರಿನಿಂದ 20 ಮೀಟರ್ ದೂರವಿದ್ದರೆ ಪ್ರತಿ ಸಲ 5 ಲೀಟರ್ ತಣ್ಣೀರು ಬಂದ ಮೇಲೆ ಬಿಸಿ. ಬಕೆಟ್ಟಿನವರಿಗೆ ಅದು ನಷ್ಟವಲ್ಲ, ಹೇಗೂ ಬೆರೆಸುತ್ತಾರೆ. ಶವರಿನವರು ಚರಂಡಿಗೆ ಬಿಡುತ್ತಾರೆ. ಬಿಸಿನೀರಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪೇ ಆಗಬೇಕು, ಯುಪಿವಿಸಿ ತಣ್ಣೀರಿಗೆ ಮಾತ್ರ. ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಏರಿಸಿ, ಒತ್ತಡದ ಮೀಟರಿನ ಮುಳ್ಳು ಕೆಳಗಿಳಿಯುತ್ತದೆಯೇ ನೋಡಿ. ಆಮೇಲೆ ನಾಲ್ಕೂ ಗೋಡೆಗೆ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಟವೆಲ್ ರಾಡಿಗೆ ತೂತು ಕೊರೆಯುವ ದಿನ ಬೇಕಾಗುತ್ತದೆ.

ಎತ್ತರಗಳನ್ನು ಬೇಗ ಹೇಳಿಬಿಡುತ್ತೇನೆ, ಎಲ್ಲವೂ ಮುಗಿದ ನೆಲದಿಂದ. ಬಕೆಟ್ ನಲ್ಲಿ 2 ಅಡಿ. ಅದಕ್ಕಿಂತ ತಗ್ಗಿಸಿದರೆ 20 ಲೀಟರ್ ಬಕೆಟ್ಟಿನ ಹಿಡಿ ತಾಗುತ್ತದೆ, ಏರಿಸಿದರೆ ನೀರು ಸಿಡಿಯುತ್ತದೆ. ಬೇಸಿನ್ನಿನ ಅಂಚು 32-33 ಇಂಚು. ಬೌಲ್‌ನಂತೆ ಕಟ್ಟೆಯ ಮೇಲೆ ಕೂರುವ ಬೇಸಿನ್ನಾದರೆ ಬೌಲಿನ ಎತ್ತರವನ್ನು ಇದರೊಳಗೆ ಕಳೆದು ಕಟ್ಟೆ ಕಟ್ಟಿಸಿ. ಎಷ್ಟೋ ಮನೆಗಳಲ್ಲಿ ಮಕ್ಕಳು ತುದಿಗಾಲಲ್ಲಿ ನಿಂತು ಹಲ್ಲುಜ್ಜುವುದು ಇದನ್ನು ಮರೆತದ್ದಕ್ಕೆ. ಶವರ್ 7 ಅಡಿ. ಹೆಲ್ತ್ ಫಾಸೆಟ್ ಕೂತವರ ಬಲಗೈಗೆ ಸಿಗಬೇಕು. ಬಳಸಿದ ಮೇಲೆ ಗೋಡೆಯಲ್ಲಿರುವ ಅದರ ಸಣ್ಣ ನಲ್ಲಿ, ಆಂಗಲ್ ಕಾಕ್, ಮುಚ್ಚುವ ಅಭ್ಯಾಸವಿರಲಿ, ಒತ್ತಡದಲ್ಲೇ ಬಿಟ್ಟ ಟ್ಯೂಬು ಒಡೆಯುವುದು ಮನೆಯಲ್ಲಿ ಯಾರೂ ಇಲ್ಲದ ದಿನವೇ.

ಗೀಸರಿಗೆ 16 ಆಂಪಿಯರ್ ಪಾಯಿಂಟ್, 4 ಸ್ಕ್ವೇರ್ ಎಂಎಂ ವೈರು, ಸ್ವಿಚ್ಚು ಬಾಗಿಲ ಹೊರಗೆ. ಮನೆಯ ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಲೈನು ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಬಾತ್‌ರೂಮಿಗೆ ವಿದ್ಯುತ್ತೇ ಕೊಡಬೇಡಿ, ಅಷ್ಟು ಖಂಡಿತವಾಗಿ ಹೇಳುತ್ತೇನೆ. 25 ಲೀಟರಿನ ಗೀಸರ್ ತುಂಬಿದಾಗ 35 ಕೆಜಿ ದಾಟುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಆ ಜಾಗದಲ್ಲಿ ಕಾಂಕ್ರೀಟು ತುಂಬಿಸಿಡಿ. ಕೈಹಿಡಿಗಳಿಗೂ ಇದೇ ಮಾತು. ಇವತ್ತು ಹಾಕದಿದ್ದರೂ ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಎರಡೂಮುಕ್ಕಾಲು ಅಡಿ ಎತ್ತರಕ್ಕೆ ಗೋಡೆ ಗಟ್ಟಿಯಾಗಿರಲಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಒಳ್ಳೆಯದು. ಒಳಗೆ ಬಿದ್ದವರು ಬಾಗಿಲಿಗೇ ಒರಗಿಕೊಂಡಿದ್ದರೆ ಒಳತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಬಿಡಿ, ಎಕ್ಸಾಸ್ಟ್ ಫ್ಯಾನಿಗೆ ಎಳೆಯಲು ಗಾಳಿ ಬೇಕಲ್ಲ.

ಈಗ ಟೈಲ್ಸ್ ಅಂಗಡಿಗೆ ಹೋಗಬಹುದು. 5×8ಕ್ಕೆ ನೆಲ 40 ಚದರ ಅಡಿ. ಗೋಡೆ, ಸುತ್ತಳತೆ 26 ಅಡಿ, ಎತ್ತರ 7, ಒಟ್ಟು 182. ಬಾಗಿಲು, ಕಿಟಕಿ ಕಳೆದು 160. ಎರಡಕ್ಕೂ ನೂರಕ್ಕೆ ಹತ್ತು ಕತ್ತರಿಕೆಗೆ ಸೇರಿಸಿ, ಮೇಲೊಂದು ಡಬ್ಬ ಹೆಚ್ಚು ತಂದು ಅಟ್ಟದ ಮೇಲಿಡಿ, ಮುಂದೆ ಅದೇ ಬಣ್ಣ ಸಿಗುವುದಿಲ್ಲ. ನೆಲಕ್ಕೆ ಒರಟು ಮೈಯದೇ ಆಗಲಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ, ಆದ್ದರಿಂದ ಬರೀ ಸಿಮೆಂಟು ಹಾಲಿಗೆ ಅದು ಗೋಡೆ ಹಿಡಿಯುವುದೂ ಇಲ್ಲ. ಹಲ್ಲಿನ ಕರಣೆಯಿಂದ ಅಂಟು ಬಳಿದು, 2-3 ಮಿಲಿಮೀಟರ್ ಸಂದಿ ಬಿಟ್ಟು, ಒದ್ದೆ ಭಾಗದ ಸಂದಿಗೆ ನೀರು ಇಳಿಯದ ಎಪಾಕ್ಸಿ ಗ್ರೌಟ್ ತುಂಬಿಸಿ. ಕೋಲಾರ, ತುಮಕೂರಿನ ಕಡೆಯವರು, ಬೆಂಗಳೂರಿನ ಹೊರವಲಯದವರು, ನಿಮ್ಮದು ಬೋರ್ ನೀರು. ಕಪ್ಪು ಟೈಲ್ಸ್, ಕಪ್ಪು ನಲ್ಲಿ, ಗಾಜಿನ ಗೋಡೆ ಮೂರಕ್ಕೂ ತಿಂಗಳೊಳಗೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನು ತೆಗೆಯಲು ಆಸಿಡ್ ಸುರಿದರೆ ಟೈಲ್ಸ್ ಉಳಿದು ಸಂದಿಯ ಸಿಮೆಂಟು ಕರಗುತ್ತದೆ. ಅಲ್ಲಿಂದ ನೀರು ಕೆಳಗಿಳಿಯಲು ದಾರಿ.

ಈಗಾಗಲೇ ಸೋರುತ್ತಿರುವ ಮನೆಯವರೂ ಇಲ್ಲಿದ್ದೀರಿ. ನೆಲ ಒಡೆಯುವ ಮೊದಲು ಮೂರು ದಿನ ಗಮನಿಸಿ. ಸ್ನಾನ ಮಾಡಿದ ದಿನ ತೇವ ಹೆಚ್ಚಿ, ಬಾತ್‌ರೂಮ್ ಬಳಸದ ದಿನ ತಗ್ಗಿದರೆ ತಪ್ಪು ಟೈಲ್ಸ್ ಸಂದಿಯದು ಅಥವಾ ಟ್ರ್ಯಾಪಿನ ಸುತ್ತಿನದು. ಬಳಸಲಿ, ಬಿಡಲಿ, ತೇವ ಒಂದೇ ಸಮ ಇದ್ದರೆ ಗೋಡೆಯೊಳಗಿನ ನೀರಿನ ಪೈಪು. ವಾಲ್ವ್ ಮುಚ್ಚಿ ಒಂದು ದಿನ ಬಿಟ್ಟರೆ ಖಚಿತವಾಗುತ್ತದೆ. ಫ್ಲಶ್ ಮಾಡಿದಾಗ ಮಾತ್ರ ಕೆಳಗೆ ಹನಿ ಬಿದ್ದರೆ ಕಮೋಡಿನ ಕೂಡುಗಡೆ. ಇನ್ನು ಎಲ್ಲೂ ತೇವವಿಲ್ಲ, ಆದರೂ ಟ್ಯಾಂಕು ಬೇಗ ಖಾಲಿಯಾಗುತ್ತದೆ ಎನ್ನುವವರು ಬಿಳಿ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರು ನೀಲಿಯಾದರೆ ಟ್ಯಾಂಕಿನೊಳಗಿನ ರಬ್ಬರ್ ವಾಷರ್ ಬದಲಿಸಿ ಸಾಕು.